ಮೂರನೆಯ ಹೆಜ್ಜೆ

ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಬಗ್ಗಿ ನೋಡಿ ಬೈತಲೆ ತೆಗೆದುಕೊಳ್ಳಬಹುದಿತ್ತು. ಬಣ್ಣ ಕಟ್ಟಿ ಹೇಳುತ್ತಿಲ್ಲ. ಪ್ರಾರ್ಥನೆಗೆ ತಡವಾಗಿ ಓಡಿಬಂದ ಹುಡುಗಿಯರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ರಿಬ್ಬನ್ ಸರಿಮಾಡಿಕೊಳ್ಳುವಾಗ ನಾನೇ ಎಷ್ಟೋ ಸಲ ಬೈದು ಎಬ್ಬಿಸಿದ್ದೇನೆ. ಬೇರೆ ಊರಿನವರು ಸಿಮೆಂಟಿನ ಮೇಲೆ ಆಡುತ್ತಾರೆ, ದೊಡ್ಡ ಊರಿನವರು ಕಟ್ಟಿಗೆಯ ನೆಲದ ಮೇಲೆ ಆಡುತ್ತಾರೆ. ನಾವು ಇಳಕಲ್ಲಿನವರು, ಪಾಲಿಶ್ ಮಾಡಿದ ಕೆಂಪು ಗ್ರಾನೈಟಿನ ಮೇಲೆ ಆಡಿದೆವು.

ನಾನು ಮಾದೇವಿ, ಆ ಶಾಲೆಯ ಪಿ.ಟಿ. ಟೀಚರ್. ಇಪ್ಪತ್ನಾಲ್ಕು ವರ್ಷದಿಂದ ಕೊರಳಲ್ಲಿ ಸೀಟಿ ಇದೆ, ಮೂಗಿನ ತುದಿಯಲ್ಲಿ ಸಿಟ್ಟು ಇದೆ. ಎರಡನ್ನೂ ಧಾರಾಳವಾಗಿ ಬಳಸುತ್ತೇನೆ ಎಂದು ಹುಡುಗಿಯರು ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಗೊತ್ತು. ಸಿಟ್ಟಿನ ವಿಷಯದಲ್ಲಿ ಅವರ ಮಾತು ಖರೆ. ಸೀಟಿಯ ವಿಷಯದಲ್ಲಿ ಅಲ್ಲ. ಊದಬೇಕಾದಲ್ಲಿ ನಾನು ನಾಲ್ಕು ವರ್ಷ ಊದಲಿಲ್ಲ.

ನೆಲ ಹಾಕಿಸಿಕೊಟ್ಟವರು ಕಾಶಪ್ಪನವರು. ಊರ ಹೊರಗೆ ಗ್ರಾನೈಟ್ ಪಾಲಿಶ್ ಕಾರ್ಖಾನೆ ಇಟ್ಟವರು. ಅವರ ಮಗಳು ಐಶ್ವರ್ಯ ನಮ್ಮಲ್ಲೇ ಓದಿದವಳು. ಅಂಕಣಕ್ಕೆ ಸಿಮೆಂಟ್ ಕೊಡಿಸಿ ಎಂದು ಕೇಳಲು ಹೋದರೆ, "ಸಿಮೆಂಟ್ ಯಾಕ್ರಿ ಟೀಚರ? ಕಲ್ಲಿನ ಊರಾಗ ಸಿಮೆಂಟ್ ಹಾಕಿದ್ರ ಮಂದಿ ನಕ್ಕಾರು" ಎಂದರು. ಹದಿನೈದು ದಿನಕ್ಕೆ ಲಾರಿ ಬಂತು. ಹಾಸಿದ ಕಲ್ಲಿಗೆ ಕೈಯಂತ್ರ ಹಿಡಿದು ಹೊಳಪು ಕೊಟ್ಟವರು ಅಕ್ಬರಸಾಬ, ಅದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೈ ಪಳಗಿಸಿಕೊಂಡವರು. ಕೊನೆಯ ದಿನ ಅವರು ಒಂದು ಕಡೆ ಚೊಂಬು ನೀರು ಚೆಲ್ಲಿ, "ಹಸಿ ಯಾವುದು, ಒಣಾ ಯಾವುದು, ಹೇಳ್ರಿ ನೋಡೂಣು ಅಕ್ಕಾರ" ಎಂದರು. ನನಗೆ ಹೇಳಲು ಆಗಲಿಲ್ಲ. ಅವರ ಮಗಳು ಫರಹಾನಾ ಆಗ ಆರನೆಯ ತರಗತಿ. ಅಪ್ಪನ ಪಕ್ಕ ನಿಂತು, ನೆಲದೊಳಗಿನ ತನ್ನ ಮುಖಕ್ಕೆ ನಾಲಿಗೆ ಚಾಚಿ ನಗುತ್ತಿದ್ದಳು.

ಅಲ್ಲಿದ್ದವರಲ್ಲಿ ಆಟ ಬಲ್ಲವಳು ನಾನೊಬ್ಬಳೇ. ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಉದ್ಘಾಟನೆಯ ದಿನ ನನಗೂ ಶಾಲು ಹೊದಿಸಿದರು, ಪೇಡೆ ಕೊಟ್ಟರು, ನಾನು ಮೈಕ್ ಹಿಡಿದು ಇಂಥ ಅಂಕಣ ಇಡೀ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದೆ. ಅದಂತೂ ಸುಳ್ಳಲ್ಲ. ಅಂಥ ತಪ್ಪು ಬೇರೆ ಯಾರು ಮಾಡುತ್ತಾರೆ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಬಾಸ್ಕೆಟ್‌ಬಾಲಿನಲ್ಲಿ ಚೆಂಡನ್ನು ನೆಲಕ್ಕೆ ಬಡಿಯುತ್ತ ಎಷ್ಟು ದೂರ ಬೇಕಾದರೂ ಓಡಬಹುದು. ಚೆಂಡನ್ನು ಕೈಯಲ್ಲಿ ಹಿಡಿದಿರೋ, ಹೆಜ್ಜೆಯ ಲೆಕ್ಕ ಶುರು. ಎರಡು ಹೆಜ್ಜೆ ಇಡಬಹುದು. ಮೂರನೆಯದು ನೆಲ ಮುಟ್ಟುವುದರೊಳಗೆ ಚೆಂಡು ಕೈ ಬಿಟ್ಟಿರಬೇಕು. ನಿಲ್ಲುವುದಾದರೆ ಒಂದು ಕಾಲನ್ನು ಮೊಳೆ ಹೊಡೆದಂತೆ ಊರಿ ನಿಲ್ಲಬೇಕು, ಅದು ಕದಲಬಾರದು. ಮೀರಿದರೆ ಅದು ಟ್ರಾವೆಲಿಂಗ್. ಸೀಟಿ ಊದಿ ಚೆಂಡನ್ನು ಎದುರಿನವರಿಗೆ ಕೊಡುತ್ತಾರೆ. ಚೆಂಡನ್ನು ಅಪ್ಪಿಕೊಂಡು ಓಡುವುದಾದರೆ ಆಟವೇಕೆ ಬೇಕು ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು.

ಆದರೆ ಆ ಗ್ರಾನೈಟಿನ ಮೇಲೆ ಬೂಟು ನಿಲ್ಲುತ್ತಲೇ ಇರಲಿಲ್ಲ. ಮೇಲಿಂದ ನಮ್ಮೂರ ಧೂಳು ಬೇರೆ. ಮೊದಲ ತಿಂಗಳು ಮೊಣಕಾಲು, ಮೊಣಕೈ ಸುಲಿದುಕೊಂಡವರನ್ನು ದವಾಖಾನಿಗೆ ಕರೆದುಕೊಂಡು ಹೋಗಿ ನನಗೆ ಸಾಕಾಯಿತು. ಎರಡನೆಯ ತಿಂಗಳಿಗೆ ಬೀಳುವುದು ನಿಂತಿತು. ಹುಡುಗಿಯರ ಕಾಲುಗಳೇ ಒಂದು ಉಪಾಯ ಕಂಡುಕೊಂಡಿದ್ದವು. ಎರಡನೆಯ ಹೆಜ್ಜೆ ಜಾರತೊಡಗಿದ ಕೂಡಲೇ ಹಿಂದಿನ ಕಾಲಿನ ತುದಿಯನ್ನು ಟಪ್ ಎಂದು ನೆಲಕ್ಕೆ ತಾಗಿಸಿ ಮೈ ತಡೆದುಕೊಳ್ಳುತ್ತಿದ್ದರು. ನೋಡಲು ಚೆಂದ ಕಾಣುತ್ತಿತ್ತು.

ಅದು ಮೂರನೆಯ ಹೆಜ್ಜೆ. ಮೊದಲ ದಿನವೇ ನನ್ನ ಕಣ್ಣಿಗೆ ಬಿತ್ತು. ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಕಲ್ಲು ಜಾರಿದರೆ ಪಾಪ ಹುಡುಗಿ ಏನು ಮಾಡಬೇಕು ಎಂದುಕೊಂಡೆ. ಊದಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಕಲ್ಲಿನ ಮಾತು ಬರುತ್ತದೆ. ಕಲ್ಲಿನ ಮಾತು ಬಂದರೆ ನನ್ನ ಶಾಲು, ಪೇಡೆ, ಮೈಕು ಎಲ್ಲ ಹೊರಬೀಳುತ್ತವೆ. ಅದಕ್ಕಿಂತ ಮುಖ ಆಚೆ ತಿರುಗಿಸುವುದು ಸುಲಭವಾಗಿತ್ತು. ಅದನ್ನು ನಾನು ಕರುಣೆ ಎಂದು ಕರೆದುಕೊಂಡೆ.

ಒಮ್ಮೆ ಹುನಗುಂದದ ಹುಡುಗಿಯರು ನಮ್ಮಲ್ಲಿಗೆ ಆಡಲು ಬಂದಿದ್ದಾಗ ಅವರಲ್ಲೊಬ್ಬಳು, "ಟೀಚರ್, ಅದು ಟ್ರಾವೆಲಿಂಗ್ ಆತಲ್ರಿ" ಎಂದಳು. "ಸೀಟಿ ನಿನ್ನ ಕೈಯಾಗೈತೋ, ನನ್ನ ಕೈಯಾಗೈತೋ?" ಎಂದು ಗದರಿಬಿಟ್ಟೆ. ಆಕೆ ಬಾಯಿ ಮುಚ್ಚಿಕೊಂಡು ಆಡಿದಳು. ಸೋತು ಹೋದರು.

ನಾಲ್ಕು ವರ್ಷದಲ್ಲಿ ಫರಹಾನಾ ನಮ್ಮ ತಂಡದ ಕಣ್ಣಾದಳು. ಎತ್ತರದವಳಲ್ಲ. ಆದರೆ ಚೆಂಡು ಅವಳ ಕೈಗೆ ಬಂದರೆ ಮೂವರ ನಡುವಿಂದ ನುಸುಳಿ ಹೋಗಿ ಬುಟ್ಟಿಗೆ ಹಾಕಿ ಬರುತ್ತಿದ್ದಳು. ಹತ್ತನೆಯದು ಮುಗಿದ ಮೇಲೆ ಕ್ರೀಡಾ ಹಾಸ್ಟೆಲಿಗೆ ಸೇರಿ ಪಿಯುಸಿ ಓದಬೇಕು, ಆಟವನ್ನೂ ಬಿಡಬಾರದು ಎಂಬುದು ಅವಳ ಆಸೆ. ಆ ಹಾಸ್ಟೆಲಿನ ಫೋಟೊ ಒಂದನ್ನು ಕತ್ತರಿಸಿ ಕಂಪಾಸ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಳು. ಸೀಟು ಸಿಗಬೇಕೆಂದರೆ ಮೊದಲು ವಿಭಾಗ ಮಟ್ಟದ ತಂಡಕ್ಕೆ ಆಯ್ಕೆಯಾಗಬೇಕು.

ಅಲ್ಲಿಯವರೆಗೆ ಅವಳು ಆಡಿದ್ದೆಲ್ಲ ನಮ್ಮ ಅಂಕಣದಲ್ಲಿ, ನನ್ನ ಸೀಟಿಗೆ. ಈ ವರ್ಷ ಜಿಲ್ಲಾ ಪಂದ್ಯ ಬಾಗಲಕೋಟೆಯ ನವನಗರದಲ್ಲಿ ನಡೆಯಿತು. ಸಿಮೆಂಟಿನ ನೆಲ. ರೆಫರಿ ಸಿದ್ದಾರ್ಥ ಎಂಬ ಇಪ್ಪತ್ತಾರು ವರ್ಷದ ಹುಡುಗ. ಆಟ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಫರಹಾನಾ ನುಗ್ಗಿದಳು, ಅವನು ಸೀಟಿ ಊದಿ ಎರಡೂ ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸಿದ. ಟ್ರಾವೆಲಿಂಗ್. ಮತ್ತೆ ನುಗ್ಗಿದಳು, ಮತ್ತೆ ಊದಿದ. ಅರ್ಧ ಆಟಕ್ಕೆ ಏಳು ಸಲವಾಯಿತು. ವಿರಾಮಕ್ಕೆ ನಾನು ಅವನ ಮೇಲೆ ಹರಿಹಾಯ್ದೆ. "ಏನಪಾ, ನಮ್ಮ ಹುಡುಗಿ ಮ್ಯಾಲ ಏನರ ಹಗಿ ಐತೇನು ನಿಂದು?"

ಅವನು ಸಿಟ್ಟಿಗೇಳಲಿಲ್ಲ. ಯಾರೋ ತೆಗೆದ ವಿಡಿಯೊವನ್ನು ಮೊಬೈಲಿನಲ್ಲಿ ನಿಧಾನವಾಗಿ ಓಡಿಸಿದ. "ನೀವ ಎಣಸ್ರಿ ಮೇಡಂ. ಚೆಂಡು ಹಿಡದಾಗ ನೆಲದ ಮ್ಯಾಲಿದ್ದ ಕಾಲು ಬಿಟ್ಟಬಿಡ್ರಿ, ಈಗಿನ ರೂಲಿನ್ಯಾಗ ಅದನ್ನ ಎಣಸೂದಿಲ್ಲ. ಅದರ ಮುಂದಿಂದ ಎಣಸ್ರಿ."

ಒಂದು. ಎರಡು. ಟಪ್. ಅಷ್ಟು ಧಾರಾಳವಾಗಿ ಎಣಿಸಿದರೂ ಮೂರು ಉಳಿಯಿತು. ಮೊಬೈಲನ್ನು ಅವನ ಕೈಗೆ ಕೊಟ್ಟೆ.

ನಾವು ಸೋತೆವು. ಕೊನೆಗೆ ಆಯ್ಕೆ ಸಮಿತಿಯ ಹೆಣ್ಣುಮಗಳೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಹುಡುಗಿ ಕೈ ಬಂಗಾರ ಅದಾವ್ರಿ, ಕಾಲ ಕೆಟ್ಟಾವ. ತಂಡಕ್ಕ ಹನ್ನೊಂದು ಮಂದಿ ಆಗ್ಯಾರ, ಒಬ್ಬಾಕಿ ಬೇಕು. ಹದಿನೆಂಟ ದಿನಕ್ಕ ಇಲ್ಲೇ ಕರಕೊಂಡ ಬರ್ರಿ, ಇನ್ನೊಂದ ಸಲ ನೋಡ್ತೇವಿ. ಕಾಲು ಹಿಂಗ ಇದ್ರ ಬ್ಯಾರೇದಾಕಿನ್ನ ತಗೋತೇವಿ."

ಮರಳುವಾಗ ಬಸ್ಸಿನಲ್ಲಿ ಫರಹಾನಾ ನನ್ನ ಪಕ್ಕ ಕೂತಿದ್ದಳು. ಅಳಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿ, "ಟೀಚರ್, ಅದು ತಪ್ಪಂತ ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದು ಕೇಳಿದಳು.

ಹೂಂ ಎನ್ನಬೇಕಿತ್ತು. "ಸುಮ್ಮ ಕೂಡ ನೀ. ಸೋತ ಮ್ಯಾಲ ನೂರಾ ಎಂಟು ಪ್ರಶ್ನೆ" ಎಂದು ರೇಗಿದೆ. ಹುನಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬಾಯಿ ಮುಚ್ಚಿಸಿದ್ದ ಆ ಇನ್ನೊಬ್ಬ ಹುಡುಗಿಯ ನೆನಪಾಯಿತು. ಹುಡುಗಿಯರ ಬಾಯಿ ಮುಚ್ಚಿಸುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಅವತ್ತು ನಾಚಿಕೆಯಾಯಿತು.

ಮರುದಿನದಿಂದ ಬೆಳಿಗ್ಗೆ ಆರಕ್ಕೇ ಅಭ್ಯಾಸ ಶುರು ಮಾಡಿದೆ. ಟಪ್ ಎಂದರೆ ಊದಿದೆ. ಟಪ್ ಬಿಡಲು ಹೋಗಿ ಅವಳು ಬಿದ್ದಳು. ಮೂರನೆಯ ದಿನ ಮೊಣಕೈ ಸುಲಿಯಿತು. ಬರಿಗಾಲಲ್ಲಿ ಆಡಿಸಿ ನೋಡಿದೆ, ನೆಲ ಒರೆಸಿ ನೋಡಿದೆ, ಗೋಣಿತಟ್ಟು ಹಾಸಿ ನೋಡಿದೆ. ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿಯುವುದಿಲ್ಲ. ನಾಲ್ಕು ದಿನ ಹಾಳಾದ ಮೇಲೆ, ಆ ಕಲ್ಲು ಹಾಗಿರುವವರೆಗೆ ಆ ಕಾಲು ಸರಿಯಾಗುವುದಿಲ್ಲ ಎಂದು ಒಪ್ಪಿಕೊಂಡೆ. ಕಲ್ಲನ್ನು ಒರಟು ಮಾಡಬೇಕು. ಬೀಸುವ ಕಲ್ಲು ಸವೆದು ನುಣುಪಾದರೆ ಉಳಿಯಿಂದ ಹೊಡೆದು ಮುಳ್ಳು ಎಬ್ಬಿಸುತ್ತಾರಲ್ಲ, ಹಾಗೆ.

ಕಾಶಪ್ಪನವರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಹೊರಗಿನ ಪಾರ್ಟಿ ಬಂದ್ರ ಮೊದಲ ನಿಮ್ಮ ಸಾಲಿಗೆ ಕರಕೊಂಡ ಬರ್ತೇನ್ರಿ ಟೀಚರ. ನಮ್ಮ ಕೆಲಸ ನೋಡ್ರಿ ಅಂತ ತೋರಸ್ತೇನಿ. ಅದರ ಮ್ಯಾಲ ಹಲ್ಲಿನ ಸುತ್ತಿಗಿ ಆಡಸಂತೀರಿ?"

"ಹೂಂ ರಿ."

"ಐದ ವರ್ಷದ ಹಿಂದ ಯಾಕ ಹೇಳಲಿಲ್ಲ?"

"ನಾಕ ವರ್ಷ ಆತ್ರಿ. ಹೇಳಬೇಕಾಗಿತ್ತು. ಹೇಳಲಿಲ್ಲ."

ಅವರು ಮೇಜಿನ ಮೇಲಿದ್ದ ಕಲ್ಲಿನ ತುಂಡೊಂದನ್ನು ಸವರಿದರು. "ಕಲ್ಲು ನಂದು ಖರೆ. ಹೊಳಪು ಅಕ್ಬರಸಾಬಂದು. ಅವ ಹೂಂ ಅಂದ್ರ ಹೊಡಸ್ರಿ. ನಾ ಅವಗ ಹೇಳೂದಿಲ್ಲ. ನೀವ ಹೇಳ್ರಿ" ಎಂದರು. ಅಕ್ಬರಸಾಬ ಒಪ್ಪುವುದಿಲ್ಲ ಎಂದು ಅವರಿಗೂ ಅನಿಸಿತ್ತು, ನನಗೂ ಅನಿಸಿತ್ತು. ಆ ಮನುಷ್ಯ ದಿನಾ ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದವರು, ಹೆಗಲ ಮೇಲಿನ ವಸ್ತ್ರ ತೆಗೆದು ಅಂಕಣದ ಒಂದು ಮೂಲೆಯನ್ನಾದರೂ ಒರೆಸದೆ ಹೋಗುತ್ತಿರಲಿಲ್ಲ.

ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಅವರು ಯಂತ್ರ ನಡೆಸುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಕಲ್ಲಿನ ಕೆಸರು ಮೊಣಕೈವರೆಗೆ ಮೆತ್ತಿತ್ತು.

"ಅಕ್ಬರಸಾಬ್ರ, ಸಾಲಿ ನೆಲಕ್ಕ ಮುಳ್ಳು ಹೊಡೀಬೇಕಾಗೇತಿ" ಎಂದೆ. ಯಾಕೆಂದು ಕೇಳಿದರು. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ ಎಂದು ಆ ಹಸಿ ನೆಲದ ಮೇಲೆ ಸೆರಗು ಸಿಕ್ಕಿಸಿ, ಚೆಂಡು ಹಿಡಿದವಳಂತೆ ನಡೆದು ತೋರಿಸಿದೆ. ಒಂದು. ಎರಡು. ಟಪ್.

"ಈ ಟಪ್ ನಂಗ ಗೊತ್ತೈತ್ರಿ ಅಕ್ಕಾರ" ಎಂದರು, ಮುಖ ಅರಳಿಸಿ. "ದಿನಾ ನೋಡ್ತೇನಲ್ಲ. ಭಾಳ ಚೆಂದ ಮಾಡ್ತಾಳ ಆಕಿ. ಮನ್ಯಾಗ ಕಾಸಿಂಬಿಗೆ ನಾ ಮಾಡಿ ತೋರಿಸೇನಿ, ನಿನ್ನ ಮಗಳು ಹಿಂಗ ನಿಲ್ತಾಳ ನೋಡು ಅಂತ."

"ಅದ ತಪ್ಪು ಅಕ್ಬರಸಾಬ್ರ. ಅದಕ್ಕ ಆಕಿನ್ನ ತಂಡಕ್ಕ ತಗೊಳ್ಳಾಕತ್ತಿಲ್ಲ."

ಅರಳಿದ ಮುಖ ಹಾಗೇ ನಿಂತುಬಿಟ್ಟಿತು. ನೋಡಲಾಗದೆ ನಾನು ಕಲ್ಲಿನ ರಾಶಿಯ ಕಡೆ ನೋಡಿದೆ.

"ಅಂದ್ರ ನನ್ನ ಹೊಳಪು ನನ್ನ ಮಗಳ ಕಾಲು ಕೆಡಿಸ್ತೇನ್ರಿ?"

ಇಲ್ಲಿ ಕೂಡ ಸುಮ್ಮನಿರಬಹುದಿತ್ತು. ಹೂಂ ಎಂದು ತಲೆ ಆಡಿಸಿದ್ದರೆ ಸಾಕಿತ್ತು, ಕೆಲಸವಾಗುತ್ತಿತ್ತು. "ನಿಮ್ಮ ಹೊಳಪಲ್ಲ" ಎಂದೆ. "ಮೊದಲನೇ ದಿನಾನ ನಾ ನೋಡಿದ್ನಿ. ಸೀಟಿ ಊದಲಿಲ್ಲ. ನಾಕ ವರ್ಷ ನೋಡಿ ನೋಡಿ ಬಿಟ್ಟೇನಿ. ಆಕಿಗೆ ಇನ್ನೂ ಹೇಳಿಲ್ಲ ನಾ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಗೋಡೆಗೆ ಒರಗಿಸಿದ್ದ ಒಂದು ಹಾಸುಗಲ್ಲನ್ನು ಬಿಸಿಲಿಗೆ ಓರೆಮಾಡಿ ಹಿಡಿದರು. ಕನ್ನಡಿಯಂಥ ಕಲ್ಲು. ಓರೆ ಬಿಸಿಲಿಗೆ ಅದರೊಳಗೆ ಕೂದಲೆಳೆಯಷ್ಟು ಒಂದು ಗೀರು ಕಂಡಿತು.

"ತಿಕ್ಕೂ ಕಲ್ಲಿಗೆ ನಂಬರ ಇರ್ತಾವ್ರಿ. ಮೊದಲ ಒರಟು, ಬರಬರತ ನುಣ್ಣಂದು. ಒರಟಿನ್ಯಾಗ ಒಂದ ಗೀರು ನೋಡಿ, ಇರಲಿ, ಮುಂದಿನ ನಂಬರಿಗೆ ಹೋಗ್ತೈತಿ ಅಂತ ಬಿಟ್ರ ಮುಗೀತು. ಮುಂದ ಎಷ್ಟ ತಿಕ್ಕಿದ್ರೂ ಹೋಗೂದಿಲ್ಲ. ಗೀರಿಗೂ ಹೊಳಪು ಬರ್ತೈತಿ, ಅಷ್ಟ."

"ಹಂಗಾದ್ರ ಏನ್ ಮಾಡ್ತೀರಿ?"

"ಮತ್ತ ಒರಟು ನಂಬರಿಗೆ ಇಳೀಬೇಕ್ರಿ. ಇದ್ದ ಹೊಳಪು ಪೂರಾ ಹೋಗ್ತೈತಿ. ಮೊದಲಿಂದ ಬರಬೇಕು." ಕಲ್ಲನ್ನು ಗೋಡೆಗೆ ಒರಗಿಸಿ ಕೈ ತೊಳೆದುಕೊಂಡರು. "ನಾಳೆ ನಾನ ಬಂದು ಹೊಡೀತೇನಿ. ಬ್ಯಾರೆಯವ್ರ ಕೈಗೆ ಕೊಡೂದಿಲ್ಲ."

ಮರುದಿನ ಬಂದರು. ಯಂತ್ರ ಇಳಿಸುವ ಮೊದಲು ಹೆಗಲ ವಸ್ತ್ರ ತೆಗೆದು, ಬುಟ್ಟಿಯ ಕೆಳಗಿನ ಜಾಗವನ್ನೆಲ್ಲ ಒಮ್ಮೆ ಒರೆಸಿದರು. ಹೇಗೂ ಹೊಡೆದು ಹಾಕುವ ನೆಲವನ್ನು ಒರೆಸುವುದೇಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಯಂತ್ರದ ಹಲ್ಲು ಕಲ್ಲಿಗೆ ತಾಗಿತು. ಕೆಂಪು ಹೋಗಿ ಬೂದು ಬಂತು. ಎರಡು ದಿನ ಹೊಡೆದು, ಬುಟ್ಟಿಯ ಕೆಳಗಿನಿಂದ ಹತ್ತು ಹೆಜ್ಜೆಯವರೆಗೆ ಒರಟು ಮಾಡಿದರು. ಉಳಿದದ್ದನ್ನು ರಜೆಯ ದಿನಗಳಲ್ಲಿ ಒಂದೊಂದೇ ಸಾಲು ಮಾಡಿಕೊಡುತ್ತೇನೆ ಎಂದರು. ಕಾಶಪ್ಪನವರು ಗೇಟಿನವರೆಗೆ ಬಂದು, ಒಳಗೆ ಬಾರದೆ, ಕಾರು ತಿರುಗಿಸಿಕೊಂಡು ಹೋದರು.

ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಫರಹಾನಾ ಓಡಿಬಂದಳು, ಚೆಂಡು ಹಿಡಿದಳು, ಒಂದು, ಎರಡು. ಬೂಟು ಕಚ್ಚಿಕೊಂಡು ನಿಂತಿತು. ಜಾರಲೇ ಇಲ್ಲ. ಆದರೂ ಟಪ್ ಎಂದಿತು.

ಊದಿದೆ. ಮತ್ತೆ ಬಂದಳು, ಮತ್ತೆ ಟಪ್, ಮತ್ತೆ ಊದಿದೆ. ಹನ್ನೊಂದನೆಯ ಸಲಕ್ಕೆ ಅವಳು ಚೆಂಡನ್ನು ನೆಲಕ್ಕೆ ಅಪ್ಪಳಿಸಿದಳು. ಅದು ಹೊಳಪಿರುವ ಕಡೆಗೆ ಉರುಳುತ್ತ ಹೋಯಿತು.

"ಈಗ ಕಲ್ಲು ಜಾರೂದಿಲ್ಲಲ್ರಿ ಟೀಚರ್! ನಮ್ಮ ಅಬ್ಬಾ ತಮ್ಮ ಹೊಳಪೆಲ್ಲಾ ಹಾಳ ಮಾಡಿ ಕೊಟ್ಟಾರ. ಆದ್ರೂ ಯಾಕ ಬರ್ತೈತಿ ಇದು?"

ಅವಳ ಕಣ್ಣುಗಳು ತುಂಬಿದ್ದವು. ನಾನು ಸೀಟಿಯನ್ನು ಬಾಯಿಂದ ತೆಗೆದೆ.

"ಬಸ್ಸಿನ್ಯಾಗ ಒಂದ ಮಾತು ಕೇಳಿದ್ಯಲ್ಲ, ನಾ ಹೇಳಲಿಲ್ಲ. ಗೊತ್ತಿತ್ತು ಫರಹಾನಾ. ನೀ ಆರನೇತ್ತ ಇದ್ದಾಗಿಂದ ಗೊತ್ತಿತ್ತು. ನೋಡಿ ನೋಡಿ ಊದಲಿಲ್ಲ. ಕಲ್ಲು ಬರೇ ಜಾರಿಸ್ತು. ಅದನ್ನ ನಿನ್ನ ಕಾಲಿಗೆ ರೂಢಿ ಮಾಡಿಸಿದಾಕಿ ನಾ. ನನ್ನ ತಪ್ಪು."

ಇಪ್ಪತ್ನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿನಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವಳು ನನ್ನನ್ನೇ ನೋಡಿದಳು. ಸಿಟ್ಟು ಬಂದಿತ್ತು, ಕಂಡಿತು, ಬರಬೇಕಾದದ್ದೇ. ತೋಳಿನಿಂದ ಮೂಗು ಒರೆಸಿಕೊಂಡು ಹೋಗಿ ಚೆಂಡು ತಂದಳು. ಮನೆಗೆ ಹೊರಟಳು ಎಂದುಕೊಂಡೆ. ಗೆರೆಯ ಹತ್ತಿರ ಬಂದು ನಿಂತು, "ಇನ್ನ ಬಿಡಬ್ಯಾಡ್ರಿ ಮತ್ತ. ಒಂದೂ ಬಿಡಬ್ಯಾಡ್ರಿ. ಊದ್ರಿ" ಎಂದಳು.

ಊದಿದೆ. ಹನ್ನೊಂದು ದಿನ, ಬೆಳಿಗ್ಗೆ ಮತ್ತು ಸಂಜೆ. ಮೊದಲ ದಿನ ತೊಂಬತ್ತಕ್ಕೆ ಎಣಿಕೆ ತಪ್ಪಿತು. ಐದನೆಯ ದಿನ ನಲವತ್ತು. ಒಂದೊಂದು ಸಲ ನನ್ನ ಕಣ್ಣಿಗೆ ಸಂಶಯವಿದ್ದಾಗ ಅವಳೇ ನಿಂತು, "ಆತ್ರಿ ಟೀಚರ್, ಮುಟ್ತು" ಎನ್ನುತ್ತಿದ್ದಳು. ಬುಟ್ಟಿಗೆ ಬಿದ್ದ ಚೆಂಡನ್ನು ಎಷ್ಟೋ ಸಲ ಹೀಗೆ ಅವಳೇ ವಾಪಸು ತಂದಳು. ಅಕ್ಬರಸಾಬ ಗೋಡೆಯ ನೆರಳಲ್ಲಿ ಕೂತು ನೋಡುತ್ತಿದ್ದರು. ಈಗ ಅವರೂ ಬೆರಳು ಮಡಚಿ ಹೆಜ್ಜೆ ಎಣಿಸುತ್ತಿದ್ದರು. ಟಪ್ ಎಂದಾಗ ನನ್ನ ಸೀಟಿಗಿಂತ ಮೊದಲು ಅವರ ನಾಲಿಗೆ ಲೊಚ್ ಎನ್ನುತ್ತಿತ್ತು.

ಹದಿನೆಂಟನೆಯ ದಿನ ಫರಹಾನಾ, ನಾನು ಇಬ್ಬರೇ ನವನಗರಕ್ಕೆ ಹೋದೆವು. ಒಂದು ಜಾಗಕ್ಕೆ ಮೂವರು ಹುಡುಗಿಯರು ಬಂದಿದ್ದರು. ಸೀಟಿ ಮತ್ತೆ ಸಿದ್ದಾರ್ಥನದೇ. 'ಹೇಗಾದರೂ ಇವತ್ತೊಂದು ದಿನ ಈ ಹುಡುಗ ಕಣ್ಣು ಮುಚ್ಚಲಿ' ಎಂದು ನನ್ನ ಹಾಳು ಮನಸ್ಸು ಬೇಡಿಕೊಂಡಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಇಪ್ಪತ್ತು ನಿಮಿಷ ಆಡಿಸಿದರು. ಫರಹಾನಾ ನುಗ್ಗಿದಾಗಲೆಲ್ಲ ನನ್ನ ತುಟಿ ಸೀಟಿ ಊದಲೆಂಬಂತೆ ಮಡಚಿಕೊಳ್ಳುತ್ತಿತ್ತು. ಒಂದು, ಎರಡು, ನಿಂತಳು. ಒಂದು, ಎರಡು, ಚೆಂಡು ಹೋಯಿತು. ಕೊನೆಯ ನಿಮಿಷದಲ್ಲಿ ಇಬ್ಬರು ಮೈಮೇಲೆ ಬಿದ್ದಾಗ ಆ ಹಳೆಯ ಟಪ್ ಒಮ್ಮೆ ಬಂದೇ ಬಂತು. ಸಿದ್ದಾರ್ಥ ಊದಿದ. ಅವಳು ವಾದ ಮಾಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಚೆಂಡನ್ನು ಅವನ ಕೈಗಿಟ್ಟು ಹಿಂದಕ್ಕೆ ಓಡಿದಳು.

ಹನ್ನೆರಡನೆಯ ಹೆಸರನ್ನು ಓದುವಾಗ ಸಮಿತಿಯ ಆ ಹೆಣ್ಣುಮಗಳು ಮೊದಲು ಊರ ಹೆಸರು ಓದಿದರು. ಇಳಕಲ್ ಎಂದದ್ದಷ್ಟೇ ನನಗೆ ಕೇಳಿಸಿತು. ಮುಂದಿನದನ್ನು ನನ್ನ ಅಳು ಕೇಳಿಸಗೊಡಲಿಲ್ಲ.

ದಾರಿಯಲ್ಲಿ ಹುನಗುಂದದಲ್ಲಿ ಇಳಿದೆವು. ಆ ಶಾಲೆಗೆ ಹೋಗಿ, ಅವತ್ತು ನಾನು ಗದರಿದ ಹುಡುಗಿಯನ್ನು ಕರೆಸಿ, ನೀನು ಹೇಳಿದ್ದು ಸರಿಯಾಗಿತ್ತು ಎಂದೆ. ಅವಳಿಗೆ ಅದು ನೆನಪೇ ಇರಲಿಲ್ಲ. ನೆನಪಿಲ್ಲವೆಂದು ನನಗೋಸ್ಕರ ನಟಿಸಿದಳೋ, ಗೊತ್ತಿಲ್ಲ.

ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಬರಸಾಬ ಕಾಯುತ್ತಿದ್ದರು. ಆಯ್ಕೆಯಾದ ಸುದ್ದಿ ಫೋನಿನಲ್ಲಿ ಆಗಲೇ ಮುಟ್ಟಿತ್ತು. ಕೈಯಲ್ಲಿ ಕರದಂಟಿನ ಡಬ್ಬಿ ಇತ್ತು. ಮಗಳ ತಲೆಯ ಮೇಲೆ ಕೈಯಿಟ್ಟು, ಅದನ್ನು ತೆಗೆಯದೆ ಕೇಳಿದರು.

"ಎಷ್ಟ ಸಲ ಊದಿದ್ರವಾ?"

"ಒಂದ ಸಲ, ಅಬ್ಬಾ."

ಅವರು ನನ್ನ ಕಡೆ ತಿರುಗಿದರು. ನಗುತ್ತಿದ್ದರು, ಆದರೆ ಕೈಕೆಲಸದವರು ನೋಡುವ ಕಣ್ಣು ಅದು.

"ಒಂದ ಗೀರು ಉಳದೈತ್ರಿ ಅಕ್ಕಾರ."

"ಹೂಂ ರಿ" ಎಂದೆ. "ನಾಳೆ ಮುಂಜಾನೆ ಆರಕ್ಕ ಕಳಸ್ರಿ."